ಪಟಾಕಿಗೆ ಬೆದರಿದ ನಾಯಿಯನ್ನು ಸಮಾಧಾನ ಮಾಡಬಾರದೇ?

ಪ್ರಶ್ನೆ: ನಮ್ಮ ಮನೆಯ ನಾಯಿಗೆ ಐದು ವರ್ಷ. ದೀಪಾವಳಿ ಬಂದರೆ ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ ಮಂಚದಡಿ ಬಿಟ್ಟು ಬರುವುದಿಲ್ಲ. ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಅನ್ನ ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಮುದ್ದು ಮಾಡಿದರೆ ಹೆದರಿಕೆ ಇನ್ನಷ್ಟು ಬಲಿಯುತ್ತದೆ, ಕಂಡೂ ಕಾಣದಂತೆ ಇದ್ದುಬಿಡಿ ಎನ್ನುತ್ತಾರೆ. ನಿಜವೇ? ಹಬ್ಬದ ದಿನಗಳಲ್ಲಿ ಏನೇನು ಎಚ್ಚರ ವಹಿಸಬೇಕು?
– ಓದುಗರು, ಶಿವಮೊಗ್ಗ

ಉತ್ತರ: ನಿಜವಲ್ಲ. ಅದು ನಿಮ್ಮ ಬಳಿ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ನಾಯಿಗಳು ವರ್ಷದ ಅತಿ ಕೆಟ್ಟ ರಾತ್ರಿಯನ್ನು ಒಂಟಿಯಾಗಿ ಕಳೆಯುತ್ತಿವೆ.

‘ಕೂರು’ ಎಂದಾಗ ಕೂತರೆ ಬಿಸ್ಕತ್ತು ಸಿಗುತ್ತದೆ, ಅದಕ್ಕೇ ನಾಯಿ ಮತ್ತೆ ಕೂರುತ್ತದೆ. ಅದು ಕಲಿತ ನಡತೆ. ಹೆದರಿಕೆ ಹಾಗಲ್ಲ. ಎದೆ ಹೊಡೆದುಕೊಳ್ಳುವುದು, ಮೈ ನಡುಗುವುದು ನಾಯಿಯ ಹಿಡಿತದಲ್ಲಿಲ್ಲ. ನೀವು ಬೆನ್ನು ಸವರುತ್ತೀರಿ ಎಂಬ ಆಸೆಗೆ ಅದು ಮುಂದಿನ ಸಲ ಹೆಚ್ಚು ನಡುಗಲಾರದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೆಫನಿ ರೀಮರ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1,200ಕ್ಕೂ ಹೆಚ್ಚು ನಾಯಿ ಸಾಕುವವರು ತಮ್ಮ ಅನುಭವ ಹೇಳಿದ್ದಾರೆ. ಪ್ರತಿ ಸಿಡಿತದ ಬೆನ್ನಿಗೇ ನಾಯಿಗೆ ಇಷ್ಟವಾದ ತಿಂಡಿ ಕೊಡುವುದು ಅಥವಾ ಆಟವಾಡಿಸುವುದು, ಇದನ್ನು ಮಾಡಿ ನೋಡಿದವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಗುಣ ಕಂಡಿತು ಎಂದರು. ಸದ್ದು ಬಂದರೆ ಒಳ್ಳೆಯದೇನೋ ಬರುತ್ತದೆ ಎಂದು ನಾಯಿ ಕಲಿಯುತ್ತದೆ. ಬೇಯಿಸಿದ ಕೋಳಿ ಮಾಂಸದ ಚೂರೋ ಪನೀರೋ ಕೈಯಲ್ಲಿಟ್ಟುಕೊಂಡಿರಿ. ಹೆದರಿಕೆ ತೀರ ಏರಿ ತಿಂಡಿ ಬೇಡವೆಂದರೆ ಒತ್ತಾಯ ಬೇಡ, ಪಕ್ಕದಲ್ಲಿ ಕೂತರೆ ಸಾಕು.

ಅದರ ಕಿವಿಗೆ ಏನು ಕೇಳುತ್ತದೆ ಎಂಬುದನ್ನೂ ಯೋಚಿಸಿ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಹಿಡಿದರೆ ನಾಯಿಯದು ಸುಮಾರು 45,000ದವರೆಗೆ, ಬೆಕ್ಕಿನದು 64,000ದವರೆಗೆ ಹೋಗುತ್ತದೆ. ರಾಕೆಟ್ಟು ಹಾರುವಾಗಿನ ಕೀರಲು ಸದ್ದಿನಲ್ಲಿ ನಮಗೆ ಕೇಳದ್ದೂ ಅವಕ್ಕೆ ಕೇಳುತ್ತದೆ. ಜೊತೆಗೆ, ಮುಂದಿನದು ಯಾವಾಗ ಸಿಡಿಯುತ್ತದೆ ಎಂದು ಅವಕ್ಕೆ ಗೊತ್ತಿಲ್ಲ.

ಮಂಚದಡಿ ನಿಮ್ಮ ನಾಯಿಯೇ ಆರಿಸಿಕೊಂಡ ಜಾಗ. ಅಲ್ಲಿಂದ ಎಳೆಯಬೇಡಿ, ಅಲ್ಲೇ ನಿಮ್ಮ ಹಳೆಯ ಬಟ್ಟೆ ಹಾಸಿ, ನೀರಿಡಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು ರೇಡಿಯೊ ಹಾಕಿ. ಕತ್ತಲಾಗುವ ಮೊದಲೇ ಊಟ ಮಾಡಿಸಿ, ಹೊರಗೆ ಸುತ್ತಾಡಿಸಿ ತಂದುಬಿಡಿ. ಬೆದರಿದ ನಾಯಿ ದಿಕ್ಕು ನೋಡದೆ ಓಡುತ್ತದೆ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರು ಇರಲಿ, ನೆಂಟರು ಬಂದು ಹೋಗುವಾಗ ಗೇಟಿನ ಕಡೆ ಒಬ್ಬರ ಕಣ್ಣಿರಲಿ.

ನಿಮ್ಮ ವರ್ಣನೆ ನೋಡಿದರೆ ಇಷ್ಟೇ ಸಾಲದು ಅನ್ನಿಸುತ್ತದೆ. ಮೂರು ದಿನ ಅನ್ನ ಬಿಡುವಷ್ಟು ಭಯಕ್ಕೆ ಔಷಧಿ ಬೇಕಾಗಬಹುದು, ಅದರಲ್ಲಿ ಸಂಕೋಚಪಡುವುದೇನೂ ಇಲ್ಲ. ಹಬ್ಬಕ್ಕೆ ಎರಡು ವಾರವಾದರೂ ಮೊದಲು ಪಶುವೈದ್ಯರನ್ನು ಕಾಣಿ. ಗದ್ದಲವಿಲ್ಲದ ಒಂದು ದಿನ ಕೊಟ್ಟು ನೋಡಲು ಅವರು ಹೇಳಬಹುದು. ಹಬ್ಬದ ದಿನ ಅದನ್ನು ಮೊದಲ ಪಟಾಕಿಗೂ ಮುಂಚೆ ಕೊಡಬೇಕು, ಭಯ ನೆತ್ತಿಗೇರಿದ ಮೇಲೆ ಅದರ ಗುಣ ಕಡಿಮೆ. ಹಿಂದೆ ಅಸೆಪ್ರೊಮಜೀನ್ ಎಂಬ ಮಂಪರು ಔಷಧಿ ಬಹಳ ಬಳಕೆಯಲ್ಲಿತ್ತು. ಅದೊಂದನ್ನೇ ಕೊಟ್ಟರೆ ಮೈ ಸೋಲುತ್ತದೆ, ಭಯ ಒಳಗೆ ಹಾಗೇ ಉಳಿಯುತ್ತದೆ. ನಾಯಿ ಓಡಲಾರದೆ ಎಲ್ಲವನ್ನೂ ಕೇಳಿಸಿಕೊಂಡು ಬಿದ್ದಿರುತ್ತದೆ. ಹಾಗಾಗಿ ‘ಯಾವ ಔಷಧಿ, ಭಯಕ್ಕೋ ಬರೀ ಮಂಪರಿಗೋ’ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮಾತ್ರ ಖಂಡಿತ ಬೇಡ. ಒಂದೇ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು.

ಇನ್ನು ಹಬ್ಬದ ಅಡುಗೆ. ಕೇಸರಿಬಾತು, ಪಾಯಸಗಳಲ್ಲಿ ಬೀಳುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಎಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಲಾಗದು. ಚಾಕೊಲೇಟೂ ವಿಷ. ತುಪ್ಪ, ಕರಿದ ತಿಂಡಿ ಹೆಚ್ಚಾದರೆ ಮೇದೋಜ್ಜೀರಕ ಗ್ರಂಥಿಗೆ ಉರಿಯೂತ ಬರಬಹುದು. ಇವನ್ನು ಹಲವರು ಬಲ್ಲರು. ಆದರೆ ಪೂಜೆಗೆ ಕೊಯ್ದು ತರುವ ಕಣಗಿಲೆಯನ್ನು ಯಾರೂ ಅನುಮಾನಿಸುವುದಿಲ್ಲ. ಅದರ ಹೂವು, ಎಲೆ, ಕಡ್ಡಿ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಕರ್ಪೂರವೂ ಅಪಾಯ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಿಡಿಯದೆ ಉಳಿದ ಪಟಾಕಿ, ಬಾಡಿದ ಹೂವು ಎಲ್ಲವನ್ನೂ ಗುಡಿಸಿದ ಮೇಲೆಯೇ ನಾಯಿಯನ್ನು ಬಿಡಿ. ಕಿಡಿ ತಾಗಿ ಸುಟ್ಟರೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ತಣ್ಣೀರು ಹರಿಸಿ, ವೈದ್ಯರಲ್ಲಿಗೆ ಒಯ್ಯಿರಿ; ಟೂತ್‌ಪೇಸ್ಟ್, ಐಸು ಬೇಡ.

ನೀವು ಮಲೆನಾಡಿನವರು, ಕೊಟ್ಟಿಗೆಯಲ್ಲಿ ಹಸುವೂ ಇರಬಹುದು. ಗೋಪೂಜೆಯ ದಿನ ಮನೆಮಂದಿಯೆಲ್ಲ ಸರದಿಯಲ್ಲಿ ಕಡುಬು, ಹೋಳಿಗೆ, ಅನ್ನ ಉಣಿಸುವುದು ಪ್ರೀತಿಯಿಂದಲೇ. ಆದರೆ ಹುಲ್ಲು ಅರೆಯುವ ಹೊಟ್ಟೆಗೆ ಹಿಟ್ಟು, ಬೆಲ್ಲ, ಅಕ್ಕಿ ಒಮ್ಮೆಲೇ ಬಿದ್ದರೆ ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ಒಂದೆರಡು ತುತ್ತಿಗೆ ನಿಲ್ಲಿಸಿ, ಬಳಿಕ ಹಸಿ ಹುಲ್ಲು ಹಾಕಿ. ಕೊರಳ ಮಾಲೆಯನ್ನು ನೈಲಾನ್ ದಾರದಲ್ಲಿ ಕಟ್ಟಬೇಡಿ, ಬಾಳೆನಾರು ಒಳ್ಳೆಯದು; ಪೂಜೆ ಮುಗಿದೊಡನೆ ಬಿಚ್ಚಿಬಿಡಿ.

ಕೊನೆಗೆ ಒಂದು ಮಾತು. ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ನಿಗದಿ ಮಾಡಿತು. ಅಕ್ಕಪಕ್ಕದ ಮನೆಗಳಿಗೆ ಈ ವಾರವೇ ಹೋಗಿ, ಮಕ್ಕಳಿಗೆ ನಿಮ್ಮ ನಾಯಿಯನ್ನು ತೋರಿಸಿ, ಆ ಎರಡು ಗಂಟೆಯೊಳಗೇ ಮುಗಿಸಿ ಎಂದು ಕೇಳಿಕೊಳ್ಳಿ. ಬೀದಿಯ ನಾಯಿಗಳಿಗೆ ಮಂಚವೂ ಇಲ್ಲ. ಆ ರಾತ್ರಿಗಳಲ್ಲಿ ಅವು ನಿಮ್ಮ ಮೆಟ್ಟಿಲ ಕೆಳಗೋ ಕಾರಿನಡಿಯೋ ಬಂದು ಮುದುಡಿದರೆ ದಯವಿಟ್ಟು ಓಡಿಸಬೇಡಿ.