ಮುಳುಗುಗಾರನ ಎರಡನೆಯ ಮುಳ್ಳು

ಸಿಂಧನೂರಿನ ಸುತ್ತಣ ಅಕ್ಕಿಗಿರಣಿಗಳಲ್ಲಿ ಭತ್ತವನ್ನು ಬೇಯಿಸಲು ಹಬೆಯೊದಗಿಸುವ ಬಾಯ್ಲರುಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದರ ಮೇಲೆ ಗಡಿಯಾರದಂಥ ದುಂಡು ಮುಖದ ಒತ್ತಡಮಾಪಕವಿರುತ್ತದೆ. ಒಳಗಿನ ನೀರಿನ ಮಟ್ಟವನ್ನು ತೋರುವ ಸಾಧನಗಳಾದರೋ ಸಾಮಾನ್ಯವಾಗಿ ಎರಡಿರುತ್ತವೆ. ಒಂದೇ ನೀರು, ಒಂದೇ ಮಟ್ಟ, ಸಾಧನಗಳು ಎರಡೇಕೆ? ಇದರ ಉತ್ತರವನ್ನು ನಾವು ಗಿರಣಿಯಿಂದ ಬಹುದೂರದಲ್ಲಿ, ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿಯ ಕಡಲಿನಲ್ಲಿ ಹುಡುಕೋಣ.

ಅಲ್ಲಿ ಹವಳಗಳನ್ನೂ ಮೀನುಗಳನ್ನೂ ನೋಡಲೆಂದು ಜನರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗುತ್ತಾರೆ. ಇದಕ್ಕೆ ಸ್ಕೂಬಾ ಎಂದು ಹೆಸರು. 11 ಲೀಟರು ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯಿದೆಯೆನ್ನೋಣ. ಬಾಯಿಲನ ನಿಯಮದಂತೆ ಅದು ಹೊರಗಿನ ಒತ್ತಡದಲ್ಲಿ ಸುಮಾರು 2,200 ಲೀಟರಾಗುತ್ತದೆ. ನೀರಿನ ಮೇಲೆ ಮನುಷ್ಯನು ನಿಮಿಷಕ್ಕೆ 20 ಲೀಟರು ಉಸಿರಾಡಿದರೆ ಇದು 110 ನಿಮಿಷಗಳಿಗೆ ಸಾಕು. ಆದರೆ ಕಡಲಲ್ಲಿ ಪ್ರತಿ 10 ಮೀಟರು ಆಳಕ್ಕೆ ಒತ್ತಡ ಸುಮಾರು 1 ಬಾರ್ ಏರುತ್ತದೆ. 20 ಮೀಟರು ಆಳದಲ್ಲಿ ಒಟ್ಟು ಒತ್ತಡ 3 ಬಾರ್. ಶ್ವಾಸಕೋಶಗಳನ್ನು ತುಂಬಲು ಮೂರು ಪಟ್ಟು ಗಾಳಿ ಬೇಕು. ಆಗ ಸಿಲಿಂಡರಿನ ಒತ್ತಡ ನಿಮಿಷಕ್ಕೆ ಸುಮಾರು 5.5 ಬಾರಿನಂತೆ ಇಳಿಯುತ್ತದೆ. ಮೇಲೇರುವಾಗಿನ ಬಳಕೆಗೂ ಆಪತ್ತಿಗೂ 50 ಬಾರಿನಷ್ಟು ಉಳಿಸುವುದು ವಾಡಿಕೆ. 100 ಬಾರ್ ಇದ್ದುದನ್ನು ಕಂಡವನು ಹತ್ತು ನಿಮಿಷ ಮಾಪಕವನ್ನು ನೋಡದಿದ್ದರೆ, ಅವನ ಪಾಲಿಗೆ ಉಳಿಯುವುದು 45 ಬಾರ್ ಮಾತ್ರ. ಗಾಬರಿಯಾದವನು ಇನ್ನೂ ಬೇಗ ಉಸಿರಾಡುತ್ತಾನೆ.

ಈ ಒತ್ತಡವನ್ನು ಅಳೆಯುವ ಹಳೆಯ ಉಪಾಯ ಬಾಯ್ಲರಿನದೇ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಎಂಬಾತನು ಇದಕ್ಕೆ ಪೇಟೆಂಟು ಪಡೆದನು. ಚಪ್ಪಟೆಯಾದ, ಬಾಗಿದ ಲೋಹದ ನಳಿಗೆಯೊಳಗೆ ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲೆಳಸುತ್ತದೆ. ಅದರ ಮುಚ್ಚಿದ ತುದಿಯ ಅಲ್ಪ ಚಲನೆಯನ್ನು ಸನ್ನೆಯೂ ಹಲ್ಲುಚಕ್ರವೂ ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿಪೀಪಿಯನ್ನು ನೆನೆದರೆ ತತ್ತ್ವ ಹೊಳೆಯುತ್ತದೆ.

ಈಗ ಮುಳುಗುಗಾರರ ಮಣಿಕಟ್ಟಿಗೆ ಪುಟ್ಟ ಕಂಪ್ಯೂಟರು ಬಂದಿದೆ. ಆಳ, ಕಾಲ, ದೇಹದಲ್ಲಿ ಕರಗಿದ ಸಾರಜನಕದ ಲೆಕ್ಕ, ಇವೆಲ್ಲವನ್ನೂ ಅದು ಮಾಡುತ್ತದೆ. ಕೆಲವು ಬಗೆಯವುಗಳಲ್ಲಿ ಸಿಲಿಂಡರಿನ ಒತ್ತಡವೂ ಸೇರಿರುತ್ತದೆ. ಸಿಲಿಂಡರಿಗೆ ಕೂಡಿಸಿದ ಒತ್ತಡ ನಿಯಂತ್ರಕಕ್ಕೆ ಅಂಟಿದ ಸಂವೇದಕವು ಒತ್ತಡವನ್ನು ವಿದ್ಯುತ್ ಸಂಕೇತವಾಗಿಸಿ ರೇಡಿಯೋ ಮೂಲಕ ಮಣಿಕಟ್ಟಿಗೆ ಕಳುಹುತ್ತದೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ನಮ್ಮ ಮೊಬೈಲು ಬಳಸುವಂಥ ಅಲೆಗಳು ಅದರಲ್ಲಿ ಗೇಣುದೂರವೂ ಸಾಗಲಾರವು. ಆದುದರಿಂದ ಇಲ್ಲಿ ಅತಿ ಕಡಿಮೆ ಆವರ್ತಾಂಕದ ಅಲೆಗಳನ್ನು ಬಳಸುತ್ತಾರೆ. ಅವೂ ಒಂದೆರಡು ಮೀಟರು ಮುಟ್ಟಿದರೆ ಹೆಚ್ಚು. ಕೊಳವೆಯ ತೊಡಕಿಲ್ಲ, ಉಳಿದ ಗಾಳಿ ಎಷ್ಟು ನಿಮಿಷಕ್ಕೆ ಬಂದೀತೆಂಬುದನ್ನೂ ಅದು ಎಣಿಸಿ ಹೇಳಬಲ್ಲುದು. ಉಪಯುಕ್ತವಾದ ಯಂತ್ರವೇ ಸರಿ. ಆದರೆ ಬ್ಯಾಟರಿ ಸೋತರೆ, ಸಂಕೇತ ತಪ್ಪಿದರೆ ಅಂಕೆ ಮಾಯವಾಗುತ್ತದೆ. ಕಂಪ್ಯೂಟರೇ ಕೆಟ್ಟರಂತೂ ಆಳ, ಕಾಲ, ಗಾಳಿ ಮೂರೂ ಒಮ್ಮೆಗೇ ಕುರುಡಾಗುತ್ತವೆ.

ಆದ್ದರಿಂದಲೇ ಅನುಭವಿಗಳನೇಕರು ಬೋರ್ಡನ್ನನ ಚಿಕ್ಕ ಮಾಪಕವೊಂದನ್ನು ಜೊತೆಗೆ ಒಯ್ಯುತ್ತಾರೆ. ಆಳದ ಮಾಪಕವನ್ನೂ ಕೈಗಡಿಯಾರವನ್ನೂ ಸೇರಿಸುವವರಿದ್ದಾರೆ. ಇಲ್ಲಿ ಸಂಭವನೀಯತೆಯ ಗಣಿತವೊಂದಿದೆ. ಒಂದೊಂದು ಮಾಪಕವೂ ನೂರು ಸಲ ಮುಳುಗಿದಾಗ ಒಮ್ಮೆ ಕೆಡುವುದೆಂದು ಊಹಿಸಿದರೆ, ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರಕ್ಕೆ ಒಮ್ಮೆ. ಆದರೆ ಒಂದರ ಕೇಡಿಗೆ ಇನ್ನೊಂದರ ಸಂಬಂಧವಿರಬಾರದೆಂಬುದು ಇಲ್ಲಿಯ ಮುಖ್ಯ ನಿಬಂಧನೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮರೆಯುವುದೂ ಇದನ್ನೇ. ಒಂದೇ ಕಂಪ್ಯೂಟರಿಗೆ ಎರಡು ಸಂವೇದಕಗಳನ್ನು ಜೋಡಿಸಿದರೆ, ಕಂಪ್ಯೂಟರು ಕೆಟ್ಟಾಗ ಎರಡೂ ನಿಷ್ಪ್ರಯೋಜಕ. ಬಾಯ್ಲರಿನ ಎರಡು ಗಾಜುನಳಿಗೆಗಳೂ ಕಟ್ಟಿಕೊಂಡ ಒಂದೇ ಕೊಳವೆಯಿಂದ ಹೊರಟಿದ್ದರೆ ಎರಡೂ ಒಂದೇ ಸುಳ್ಳನ್ನು ಹೇಳುತ್ತವೆ.

ನಮ್ಮ ಸೀಮೆಯವರಿಗೆ ಈ ವಿಚಾರ ಕೇವಲ ಕಡಲಿನದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ದ್ವಾರಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ಕಿಂಡಿಗೆ ಒಡನೆ ಇಳಿಬಿಡಬಹುದಾದ ಬದಲಿ ತಡೆ ಸಿದ್ಧವಿರಲಿಲ್ಲ. ಅದನ್ನು ತಯಾರಿಸಿ, ಹರಿಯುವ ನೀರಿನಲ್ಲಿಯೇ ಇಳಿಸುವ ಹೊತ್ತಿಗೆ ಸುಮಾರು ಒಂದು ವಾರ ಕಳೆಯಿತು. ಎಡದಂಡೆಯ ಕಾಲುವೆಯನ್ನು ನಂಬಿದ ಸಿಂಧನೂರು, ಮಸ್ಕಿ ಕಡೆಯ ರೈತರು ಆ ದಿನಗಳಲ್ಲಿ ಬೆಳೆಯ ಚಿಂತೆಯಿಂದ ನದಿಯ ಸುದ್ದಿಗೆ ಕಿವಿಗೊಟ್ಟಿದ್ದುದನ್ನು ನಾವು ಮರೆತಿಲ್ಲ.

ಎರಡನೆಯ ಮಾಪಕದಿಂದ ತೊಂದರೆಯೇ ಇಲ್ಲವೆನ್ನಲಾಗದು. ಕೊಳವೆ ಹೆಚ್ಚಿದಂತೆ ಗಾಳಿ ಸೋರಬಹುದಾದ ಕೀಲುಗಳೂ ಹೆಚ್ಚುತ್ತವೆ. ಆದರೆ ಒತ್ತಡದ ಗಾಳಿ ಈ ಕೊಳವೆಗೆ ಸೂಜಿಮೊನೆಯಷ್ಟು ಕಿರಿದಾದ ರಂಧ್ರದ ಮೂಲಕ ಬರುವುದರಿಂದ, ಸೋರಿದರೂ ಮೇಲೇರಲು ಸಾಮಾನ್ಯವಾಗಿ ವೇಳೆ ಸಿಗುತ್ತದೆ. ಎರಡು ಮಾಪಕಗಳು ಬೇರೆ ಬೇರೆ ಹೇಳಿದರೆ? ಒಂದೆರಡು ಬಾರಿನ ವ್ಯತ್ಯಾಸ ಸಹಜ. ಬಹಳವಿದ್ದರೆ ಕಡಿಮೆ ತೋರಿದ್ದನ್ನೇ ನಿಜವೆಂದು ಹಿಡಿದು, ಸಂಗಡಿಗನಿಗೆ ಸನ್ನೆಮಾಡಿ, ನಿಧಾನವಾಗಿ ಮೇಲೇರಬೇಕು; ಯಾವುದು ಸುಳ್ಳೆಂಬ ಚರ್ಚೆಗೆ ದೋಣಿಯೇ ತಕ್ಕ ಸ್ಥಳ.

ಮುಳ್ಳಿನ ಮಾಪಕಕ್ಕೆ ಇನ್ನೊಂದು ಗುಣವೂ ಉಂಟು. ನೀರಿಗಿಳಿಯುವ ಮುನ್ನ ಮುಳುಗುಗಾರನು ಮುಳ್ಳನ್ನು ನೋಡುತ್ತ ನಾಲ್ಕಾರು ಸಲ ಉಸಿರೆಳೆಯುತ್ತಾನೆ. ಮುಳ್ಳು ಅಲುಗದಿದ್ದರೆ ಸರಿ. ಪ್ರತಿ ಉಸಿರಿಗೂ ಅದು ಕುಸಿದು ಮತ್ತೆ ಏರಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದು ಅರ್ಥ. ಕೆಲವು ಸೆಕೆಂಡಿಗೊಮ್ಮೆ ಮಾತ್ರ ಬದಲಾಗುವ ಅಂಕೆಯಲ್ಲಿ ಈ ನಡುಕವು ಕಣ್ಣಿಗೆ ಬೀಳದೆ ಹೋಗಬಹುದು.