ಐತಿಹಾಸಿಕ ಲಾವಣಿ: ಹುಡುಕಿ, ಕಲಿತು, ಒಬ್ಬರೇ ಹಾಡುವ ಬಗೆ

ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿ ಬೇಡರ ದಂಗೆಯಂಥ ಘಟನೆಗಳನ್ನು ಉತ್ತರ ಕರ್ನಾಟಕದ ಲಾವಣಿಕಾರರು ಹಾಡಾಗಿ ಕಟ್ಟಿ ಉಳಿಸಿದ್ದಾರೆ. ಕಥೆ, ಸಂಭಾಷಣೆ, ಕಾಳಗ, ಸಾವು ಎಲ್ಲವೂ ಒಬ್ಬ ಹಾಡುಗಾರನ ದನಿಯಲ್ಲೇ ಸಾಗಬಲ್ಲವಾದ್ದರಿಂದ ಏಕವ್ಯಕ್ತಿ ಗಾಯನಕ್ಕೆ ಲಾವಣಿ ಚೆನ್ನಾಗಿ ಒಪ್ಪುತ್ತದೆ.

ಮೊದಲ ಕೆಲಸ ಪಾಠ ಹುಡುಕುವುದು. ಮುಂಬಯಿ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸತೊಡಗಿದರು. ಅದರ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಿ.ಎಸ್. ಗದ್ದಗಿಮಠರು ಸಂಪಾದಿಸಿದ ‘ಕನ್ನಡ ಜಾನಪದ ಗೀತೆಗಳು’ ಸಂಕಲನದಲ್ಲಿ ಹಲಗಲಿ ಬೇಡರ ಲಾವಣಿಯಿದೆ. ಅದು ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲೂ ಬಂದಿರುವುದರಿಂದ ಹೊಸಬರು ಅಲ್ಲಿಂದಲೇ ಆರಂಭಿಸುವುದು ಸುಲಭ. ಒಂದೇ ಹಾಡಿನ ಎರಡು ಪಾಠ ಸಿಕ್ಕರೆ ಎರಡನ್ನೂ ಎದುರಿಗಿಟ್ಟುಕೊಂಡು ಓದಬೇಕು. ಒಂದರಲ್ಲಿ ಅರ್ಥವಾಗದ ಸಾಲು ಇನ್ನೊಂದರಲ್ಲಿ ತಿಳಿಯಾಗುವುದುಂಟು.

ನಂತರ ಹಾಡಿನ ಹಿಂದಿರುವ ಘಟನೆಯನ್ನು ತಿಳಿಯಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿ ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಹುಕುಂ ಹೊರಡಿಸಿದಾಗ ಬೇಡರು ಅದಕ್ಕೆ ಮಣಿಯಲಿಲ್ಲ. ಸೈನ್ಯ ಊರಿನ ಮೇಲೆ ಬಿತ್ತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಬೇಟೆಯನ್ನೇ ನೆಚ್ಚಿದವರಿಗೆ ಆಯುಧ ಕೊಡುವುದೆಂದರೆ ಬದುಕನ್ನೇ ಕೊಟ್ಟಂತೆ. ಈ ಸಂಕಟ ಹಾಡುವವರ ಮನಸ್ಸಿಗೆ ಇಳಿದರೆ ಮಾತ್ರ ದನಿಯಲ್ಲಿ ಬರುತ್ತದೆ. ಹಾಡಿಗೂ ದಾಖಲೆಗೂ ವ್ಯತ್ಯಾಸ ಕಂಡರೆ ಹಾಡನ್ನು ತಿದ್ದಬಾರದು. ಹಾಡುವ ಮುನ್ನ ಒಂದು ಮಾತಿನಲ್ಲಿ ಹೇಳಿದರೆ ಸಾಕು.

ಭಾಷೆಯನ್ನೂ ತಿದ್ದಬಾರದು. ‘ಕುಂಪಣಿ’ಯನ್ನು ‘ಕಂಪನಿ’ ಎಂದೋ ‘ಹತಾರ’ವನ್ನು ‘ಆಯುಧ’ ಎಂದೋ ಬದಲಿಸಿದರೆ ಪ್ರಾಸ ತಪ್ಪಬಹುದು, ಆಡುಮಾತಿನ ಬಿರುಸೂ ಹೋಗುತ್ತದೆ. ಹಳೆಯ ಮೈಸೂರಿನ ಕಡೆಯವರು ಉತ್ತರ ಕರ್ನಾಟಕದವರೊಬ್ಬರ ಬಾಯಲ್ಲಿ ಇಡೀ ಪಾಠವನ್ನು ಒಮ್ಮೆ ಓದಿಸಿ ಕೇಳುವುದು ಒಳ್ಳೆಯದು.

ಅಚ್ಚಾದ ಪಾಠದಲ್ಲಿ ಪಲ್ಲ (ಪಲ್ಲವಿ), ನುಡಿ (ಚರಣ), ಏರು ಎಂಬ ಗುರುತುಗಳು ಇರಬಹುದು. ಆದರೆ ಅವುಗಳಿಂದ ಧಾಟಿ ತಿಳಿಯದು. ಅದನ್ನು ಕಿವಿಯಿಂದಲೇ ಕಲಿಯಬೇಕು. ರಾಮನಗರದ ಜಾನಪದ ಲೋಕ, ಧಾರವಾಡ ಆಕಾಶವಾಣಿ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಲ್ಲಿ ಧ್ವನಿಮುದ್ರಣಗಳಿಗಾಗಿ ವಿಚಾರಿಸಬಹುದು. ಆದರೆ ಧ್ವನಿಮುದ್ರಣಕ್ಕಿಂತ ಬದುಕಿರುವ ಹಾಡುಗಾರರೇ ದೊಡ್ಡ ಆಧಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಗಳಲ್ಲಿ ಲಾವಣಿ ಹಾಡುವ ಗೀಗೀ ಮೇಳದವರು ಸಿಗುತ್ತಾರೆ. ರೆಕಾರ್ಡ್ ಮಾಡಿಕೊಳ್ಳುವ ಮೊದಲು ಅವರ ಒಪ್ಪಿಗೆ ಕೇಳಬೇಕು, ಕಲಿಸಿದ್ದಕ್ಕೆ ತಕ್ಕ ಗೌರವಧನ ಕೊಡಬೇಕು. ಅವರ ಹೊಟ್ಟೆಪಾಡು ಇದೇ ಹಾಡಿನಿಂದ ನಡೆಯುತ್ತದೆ.

ಕಲಿಯುವಾಗ ಒಂದು ಸಲಕ್ಕೆ ಒಂದೇ ನುಡಿ. ಮೊದಲು ರಾಗವಿಲ್ಲದೆ ಕೈತಟ್ಟಿ ಲಯಕ್ಕೆ ಹೇಳಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಗುರುತಿಸಿಕೊಳ್ಳಬೇಕು. ಬಳಿಕ ಧಾಟಿ, ಕೊನೆಗೆ ದಪ್ಪು ಎಂಬ ಚರ್ಮವಾದ್ಯ. ಹಾಡು ಬಾಯಿಗೆ ಬರುವ ಮುನ್ನವೇ ದಪ್ಪು ಕೈಗೆತ್ತಿಕೊಂಡರೆ ಲಕ್ಷ್ಯವೆಲ್ಲ ಕೈಯ ಕಡೆಗೇ ಹೋಗಿ ಮಾತು ಅಸ್ಪಷ್ಟವಾಗುತ್ತದೆ. ಮಳೆಗಾಲದಲ್ಲಿ ದಪ್ಪಿನ ಚರ್ಮ ಸಡಿಲವಾಗುತ್ತದೆ, ಹಾಡುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು.

ಒಬ್ಬರೇ ಹಾಡುವಾಗ ದೊಡ್ಡ ತೊಡಕು ಹಿಮ್ಮೇಳವಿಲ್ಲದಿರುವುದು. ಮೇಳದಲ್ಲಿ ಹಿಮ್ಮೇಳದವರು ಪಲ್ಲ ಎತ್ತಿಕೊಂಡಾಗ ಮುಖ್ಯ ಹಾಡುಗಾರನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಒಬ್ಬರೇ ಇದ್ದಾಗ ಆ ಜಾಗವನ್ನು ದಪ್ಪಿನ ಪೆಟ್ಟುಗಳಿಂದ ತುಂಬಬಹುದು, ಇಲ್ಲವೇ ಆರಂಭದಲ್ಲೇ ಪಲ್ಲವನ್ನು ಸಭಿಕರಿಗೆ ಹೇಳಿಕೊಡಬಹುದು. ಎರಡನೆಯದೇ ಮೇಲು, ಸಭೆಯೂ ಕಥೆಯೊಳಗೆ ಬರುತ್ತದೆ.

ಸಮಯ ಕಡಿಮೆಯಿದ್ದರೆ ಇಡೀ ನುಡಿಗಳನ್ನೇ ಬಿಡಬೇಕು, ನುಡಿಯ ನಡುವಿನ ಸಾಲುಗಳನ್ನಲ್ಲ. ಅಂಕಿತವಿರುವ ಕೊನೆಯ ನುಡಿಯನ್ನು ಮಾತ್ರ ಎಂದೂ ಬಿಡುವಂತಿಲ್ಲ. ಹಲಗಲಿಯ ಲಾವಣಿಯಲ್ಲಿ ಕುರ್ತಕೋಟಿಯ ದೈವ ಕಲ್ಮೇಶನ ಹೆಸರು ಬರುವುದು ಅಲ್ಲೇ. ಪಾಠ ಯಾವ ಸಂಕಲನದ್ದು, ಧಾಟಿ ಯಾರಿಂದ ಕಲಿತದ್ದು ಎಂಬುದನ್ನೂ ವೇದಿಕೆಯಲ್ಲಿ ಹೆಸರು ಹಿಡಿದು ಹೇಳಬೇಕು.