ಚೂರಿಗೆ ಯಾವ ಉಕ್ಕು?

ಸಿಂಧನೂರಿನಲ್ಲಿ ನನ್ನ ಕುಲುಮೆಗೆ ಬಂದವರು ಮೊದಲು ಕೇಳುವುದು, "ಯಾವ ಕಬ್ಬಿಣ ಹಾಕ್ತೀರಿ?" ನಾನು ತಿರುಗಿ ಕೇಳುತ್ತೇನೆ, "ಏನು ಕೊಯ್ಯಾಕ ಬೇಕ್ರಿ?" ಉಕ್ಕಿನ ಆಯ್ಕೆ ಅಲ್ಲಿಂದಲೇ ಶುರು.

1. ಏಟು ಬೀಳುವ ಕೆಲಸಕ್ಕೆ ಕಮಾನ್ ಪಟ್ಟಿ. ಲಾರಿ, ಟ್ರೇಲರ್‌ಗಳ ಈ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6. ಕೊಡಲಿ, ಮಚ್ಚು, ಹತ್ತಿಕಟಗಿ ಕಡಿಯುವ ಕುಡುಗೋಲು ಎಲ್ಲಕ್ಕೂ ಇದೇ ಸರಿ. ಬಾಯಿ ಬಾಗಬಹುದು, ಚಕ್ಕೆ ಏಳುವುದಿಲ್ಲ. ಆದರೆ ಗುಜರಿಯ ಪಟ್ಟಿ ದಣಿದಿರುತ್ತದೆ. ನಡುವಿನ ಬೋಲ್ಟ್ ತೂತಿನ ಸುತ್ತ ಕಣ್ಣಿಗೆ ಕಾಣದ ಬಿರುಕು ಇರಬಹುದು, ಆ ಭಾಗ ಬಿಟ್ಟುಬಿಡಿ. ನೀರಿಗೆ ಅದ್ದಿದರೆ ಸೀಳುವ ಭಯ, ಎಣ್ಣೆಗೇ ಅದ್ದಬೇಕು.

2. ಮಟನ್ ಅಂಗಡಿಯವರಿಗೆ ಹಳೆಯ ಅರ. ಒಳ್ಳೆಯ ಅರದಲ್ಲಿ ಇಂಗಾಲ ಶೇ. 1ಕ್ಕಿಂತ ಹೆಚ್ಚು. ಅದರ ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಲೇಬೇಕು, ಉಳಿದ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಕಾಯಿಸುವಾಗ ಅಯಸ್ಕಾಂತ ಹಿಡಿದು ನೋಡಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಇನ್ನೊಂದಿಷ್ಟು ಕಾವು ಕೊಟ್ಟು, ತುಸು ಬೆಚ್ಚಗಿರುವ ಶೇಂಗಾ ಎಣ್ಣೆಗೆ ನೇರವಾಗಿ ಇಳಿಸಬೇಕು.

ಆಗ ಅದು ಗಾಜಿನಷ್ಟು ಪೆಡಸು. ಬ್ಲೇಡನ್ನು ಬೆಳ್ಳಗೆ ಉಜ್ಜಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಮಾಡುತ್ತೇನೆ. ಮೊದಲು ಒಣ ಜೋಳದ ಸೊಪ್ಪಿಯಂಥ ತೆಳು ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣಗಳು ಬಾಯಿಯ ಕಡೆ ಹರಿದುಬರುತ್ತವೆ. ಬಾಯಿಗೆ ಹಳದಿ ಮುಟ್ಟಿದ ಕೂಡಲೇ ನಿಲ್ಲಿಸಬೇಕು, ಅದು 230 ಡಿಗ್ರಿ ಆಸುಪಾಸು. ನೀಲಿಗೆ ಬಿಟ್ಟರೆ ಮಾಂಸದ ಚೂರಿ ಬೇಗ ಮೊಂಡಾಗುತ್ತದೆ.

3. ಬಿಸಿಲಲ್ಲಿ ಉಕ್ಕಿನ ಬಣ್ಣ ನಂಬಬೇಡಿ. ನಮ್ಮ ರಾಯಚೂರು ಜಿಲ್ಲೆಯ ಮಧ್ಯಾಹ್ನದ ಬೆಳಕಿನಲ್ಲಿ ಕೆಂಪಗೆ ಕಾದ ಉಕ್ಕೂ ಕಪ್ಪಾಗಿ ಕಾಣುತ್ತದೆ, ಕೈ ತಾನಾಗಿ ಹೆಚ್ಚು ಕಾಯಿಸುತ್ತದೆ. ಹದ ಕೊಡುವ ಕೆಲಸ ನೆರಳಿನಲ್ಲೇ ಆಗಲಿ.

4. ಬೇರಿಂಗ್ ಉಕ್ಕು ನಾಜೂಕಿನದು. ಸಿಂಧನೂರಿನ ಸುತ್ತ ರೈಸ್ ಮಿಲ್ಲುಗಳಿರುವುದರಿಂದ ಸವೆದ ಬೇರಿಂಗ್ ರಿಂಗುಗಳಿಗೆ ಬರವಿಲ್ಲ. ಇಂಗಾಲ ಶೇ. 1, ಕ್ರೋಮಿಯಂ ಸುಮಾರು 1.5, ಅಡುಗೆಮನೆಯ ತೆಳು ಚೂರಿಗೆ ಇದರ ಬಾಯಿ ನನಗೆ ಬಹಳ ಇಷ್ಟ. ಆದರೆ ಕಾವು ಆರಿದ ಮೇಲೆ ಬಡಿದರೆ ಒಡೆಯುತ್ತದೆ.

5. ನಿಮ್ಮ ಬೆಂಕಿ ಮುಟ್ಟದ ಉಕ್ಕು ತರಬೇಡಿ. ಡಿ2 ಎಂಬ ಟೂಲ್ ಸ್ಟೀಲಿನಲ್ಲಿ ಇಂಗಾಲ ಶೇ. 1.5, ಕ್ರೋಮಿಯಂ 12. ಅದನ್ನು 1000 ಡಿಗ್ರಿಗೂ ಮೇಲೆ ಒಂದೇ ಕಾವಿನಲ್ಲಿ ಹಿಡಿದಿಡಬೇಕು. ಹೈಸ್ಪೀಡ್ ಉಕ್ಕಿಗೆ 1200ರ ಹತ್ತಿರ. ಇದ್ದಿಲಿನ ಕುಲುಮೆಯಲ್ಲಿ ಕಣ್ಣಂದಾಜಿಗೆ ಇದಾಗದು. ಹೊಸ ಉಕ್ಕು ಕೊಳ್ಳುವುದಾದರೆ ಎಣ್ಣೆಯಲ್ಲಿ ಗಟ್ಟಿಯಾಗುವ ಓಎಚ್‌ಎನ್‌ಎಸ್ ಎಂಬ ಟೂಲ್ ಸ್ಟೀಲ್ ಕೊಳ್ಳಿ: 800 ಡಿಗ್ರಿ, ಎಣ್ಣೆ, ಅಷ್ಟೇ. ಗುಜರಿಯಲ್ಲಿರುವ ಅನುಮಾನ ಇದರಲ್ಲಿಲ್ಲ.

6. ಲಿಂಗಸುಗೂರು ಕಡೆಯಿಂದ ಬರುವ ಕಲ್ಲು ಕೊರೆಯುವ ರಾಡಿನ ನಡುವೆ ತೂತಿರುತ್ತದೆ. ಚಾಣಕ್ಕೆ ಬಳಸಿ, ಚೂರಿಗೆ ಬೇಡ. ಟಿಎಂಟಿ ಸರಳಂತೂ ಬೇಡವೇ ಬೇಡ, ಇಂಗಾಲ ಸಾಲದು.

7. "ಹಳೇ ಕಬ್ಬಿಣನ ಗಟ್ಟಿ" ಎನ್ನುವವರು ಬಹಳ. ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ, 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲೇ ಉತ್ಖನನ ಮಾಡಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕವು. ದಖ್ಖನ್ನಿನ ಮೂಸೆ ಉಕ್ಕು ಪರ್ಷಿಯಾದವರೆಗೆ ಹೋಗುತ್ತಿತ್ತು. ಆ ಹೆಮ್ಮೆ ನನಗೂ ಇದೆ. ಆದರೆ ಆ ಉಕ್ಕಿಗೆ ಹೆಸರು ಬಂದದ್ದು ಹಳೆಯದಾಗಿದ್ದಕ್ಕಲ್ಲ, ಕಾವು ಹಿಡಿಯಬಲ್ಲ ಕೈಗಳಿದ್ದವು ಎಂದು.

8. ಈ ಉಕ್ಕುಗಳೆಲ್ಲ ತುಕ್ಕು ಹಿಡಿಯುತ್ತವೆ, ಡಿ2 ಕೂಡ. ಹುಣಸೆ, ನಿಂಬೆ ಕೊಯ್ದ ಚೂರಿಯನ್ನು ಆಗಲೇ ತೊಳೆದು ಒರೆಸಿ, ಎಣ್ಣೆ ಸವರಿಡಿ. ಸಾಣೆಗೆ ಕೊಟ್ಟಾಗ ಚಕ್ರದವರಿಗೆ ಆಗಾಗ ನೀರಿಗೆ ಅದ್ದಲು ಹೇಳಿ. ಒಮ್ಮೆ ಬಾಯಿ ನೀಲಿಯಾದರೆ ಹದ ಹೋಯಿತು, ಮತ್ತೆ ಕುಲುಮೆಗೇ ತರಬೇಕು.